ಎಲೈಸಾ: ಆರ್-ಸ್ಕ್ವೇರ್ 0.99 ಬಂದರೆ ಸಾಲದು

ಎಲೈಸಾ ಎಂದರೆ ಆಂಟಿಬಾಡಿ ಬಳಸಿ, ಬರುವ ಬಣ್ಣದಿಂದ ಸ್ಯಾಂಪಲ್‌ನಲ್ಲಿರುವ ವಸ್ತುವಿನ ಸಾಂದ್ರತೆ ಅಳೆಯುವ ಪರೀಕ್ಷೆ. ಸಣ್ಣ ಗುಳಿಗಳ (ವೆಲ್) ಪ್ಲೇಟ್ ಓದಿಸಿ, ಸಾಂದ್ರತೆ ಗೊತ್ತಿರುವ ದ್ರಾವಣಗಳಿಂದ (ಸ್ಟ್ಯಾಂಡರ್ಡ್) ಸ್ಟ್ಯಾಂಡರ್ಡ್ ಕರ್ವ್ ಎಳೆದು, ಆ ಕರ್ವ್ ಎಷ್ಟು ಹೊಂದಿದೆ ಎಂದು ಹೇಳುವ ಆರ್-ಸ್ಕ್ವೇರ್ 0.99 ಕಂಡ ಕೂಡಲೇ ಸ್ಯಾಂಪಲ್‌ಗಳ ಲೆಕ್ಕಕ್ಕೆ ಇಳಿಯುವುದು ಲ್ಯಾಬುಗಳಲ್ಲಿ ಸಾಮಾನ್ಯ. ಆ ಒಂದು ಅಂಕಿಯನ್ನು ನಂಬಿ ರಿಪೋರ್ಟ್ ಕೊಡಬೇಡಿ. ಅದನ್ನು ಬಹುಪಾಲು ನಿರ್ಧರಿಸುವುದು ಓಡಿ (ಆಪ್ಟಿಕಲ್ ಡೆನ್ಸಿಟಿ, ರೀಡರ್ ಅಳೆಯುವ ಬಣ್ಣದ ಗಾಢತೆ) ಹೆಚ್ಚಿರುವ ಮೇಲಿನ ಸ್ಟ್ಯಾಂಡರ್ಡ್‌ಗಳು. ಕೆಳಗಿನ ಸ್ಟ್ಯಾಂಡರ್ಡ್ ಅರ್ಧಕ್ಕರ್ಧ ತಪ್ಪಿದ್ದರೂ ಅದು ಅಲುಗುವುದೇ ಇಲ್ಲ.

ನೋಡಬೇಕಾದ್ದು ಹಿಂಲೆಕ್ಕ. ಸ್ಟ್ಯಾಂಡರ್ಡ್‌ಗಳನ್ನೇ ಸ್ಯಾಂಪಲ್ ಎಂದುಕೊಂಡು, ಅವುಗಳ ಓಡಿಯಿಂದ ಸಾಂದ್ರತೆ ತೆಗೆಯಿರಿ. ಬಂದ ಉತ್ತರವನ್ನು ನಿಜವಾದ ಬೆಲೆಯಿಂದ ಭಾಗಿಸಿ 100ರಿಂದ ಗುಣಿಸಿದರೆ ರಿಕವರಿ ಸಿಗುತ್ತದೆ. ಅದು 80ರಿಂದ 120ರೊಳಗೆ ಇರಬೇಕು. ಅತಿ ಕೆಳಗಿನ ಮತ್ತು ಅತಿ ಮೇಲಿನ ಸ್ಟ್ಯಾಂಡರ್ಡ್‌ಗೆ 75ರಿಂದ 125ರವರೆಗೆ ಸಡಿಲಿಕೆ ಕೊಡಬಹುದು. ಕೆಳಗಿನವು ಮಾತ್ರ ತಪ್ಪುತ್ತಿದ್ದರೆ ಮೊದಲು ಕರ್ವ್‌ನ ಮಾದರಿಯನ್ನು ಅನುಮಾನಿಸಿ. ಎಲೈಸಾ ಕರ್ವ್ ಎಸ್ ಆಕಾರದ್ದು; ಅದಕ್ಕೆ ಸರಳರೇಖೆ ಹೊಂದಿಸಿದರೆ ತುದಿಗಳು ತಪ್ಪಿಯೇ ತಪ್ಪುತ್ತವೆ. ಎಸ್ ಆಕಾರಕ್ಕೆ ಹೊಂದುವ 4 ಪ್ಯಾರಾಮೀಟರ್ ಲಾಜಿಸ್ಟಿಕ್ ಸೂತ್ರ ಬಳಸಿ. ಎರಡು ತುದಿಗಳೂ ಸಮನಾಗಿ ಬಾಗದಿದ್ದರೆ 5 ಪ್ಯಾರಾಮೀಟರ್. ಆಮೇಲೂ ಕೆಳಗಿನವು ಸರಿಹೋಗದಿದ್ದರೆ ವೇಯ್ಟಿಂಗ್ ಸೇರಿಸಿ, ಅಂದರೆ ಕರ್ವ್ ಹೊಂದಿಸುವಾಗ ಕೆಳಗಿನವುಗಳಿಗೆ ಹೆಚ್ಚು ತೂಕ ಕೊಡಿ.

ಸ್ಯಾಂಪಲ್ ಓಡಿ ಕರ್ವ್‌ನ ಯಾವ ಭಾಗದಲ್ಲಿ ಬಿದ್ದಿದೆ ಎನ್ನುವುದೂ ಅಷ್ಟೇ ಮುಖ್ಯ. ಒಂದು ಕರ್ವ್‌ನ ಕೆಳಮಟ್ಟ 0.05, ಮೇಲ್ಮಟ್ಟ 3.2, ನಡುಬಿಂದು ಮಿ.ಲೀ.ಗೆ 400 ಪಿಕೋಗ್ರಾಂ, ಇಳಿಜಾರು 1 ಎಂದಿಟ್ಟುಕೊಳ್ಳಿ. ನಡುವೆ ಓಡಿ 1.6ರಿಂದ 1.7ಕ್ಕೆ ಏರಿದರೆ ಉತ್ತರ ಸುಮಾರು 388ರಿಂದ 440ಕ್ಕೆ ಹೋಗುತ್ತದೆ. ಅದೇ 0.1 ವ್ಯತ್ಯಾಸ 2.8 ಮತ್ತು 2.9ರ ನಡುವೆ ಬಂದರೆ 2750 ಇದ್ದದ್ದು 3800 ಆಗುತ್ತದೆ! ಪಿಪೆಟ್‌ನ ಸಣ್ಣ ತಪ್ಪೊಂದು ಅಲ್ಲಿ ಸಾವಿರ ಪಿಕೋಗ್ರಾಂ ಆಗಿಬಿಡುತ್ತದೆ. ಹೀಗಾಗಿ ಒಂದೇ ಸ್ಯಾಂಪಲ್ ಹಾಕಿದ ಡೂಪ್ಲಿಕೇಟ್ ವೆಲ್‌ಗಳ ಸಿವಿಯನ್ನು (ಸರಾಸರಿಗೆ ಹೋಲಿಸಿದ ಏರುಪೇರಿನ ಶೇಕಡಾವಾರು) ಓಡಿಯಲ್ಲಿ ಮಾತ್ರ ನೋಡಿ ಸಮಾಧಾನಪಡಬೇಡಿ. ಪ್ರತಿ ವೆಲ್‌ನ ಸಾಂದ್ರತೆಯನ್ನು ಬೇರೆಬೇರೆ ತೆಗೆದು, ಅದರ ಸಿವಿಯನ್ನೂ ನೋಡಿ. 20 ಶೇಕಡಾ ಮೀರಿದರೆ ಆ ಸ್ಯಾಂಪಲ್ ಮತ್ತೆ ಮಾಡಬೇಕು.

ಮೇಲಿನ ಸ್ಟ್ಯಾಂಡರ್ಡ್ ದಾಟಿದ ಸ್ಯಾಂಪಲ್‌ಗೆ ಸಾಫ್ಟ್‌ವೇರ್ ಏನೋ ಒಂದು ಅಂಕಿ ಕೊಡುತ್ತದೆ. ಅದು ಊಹೆ. ಇನ್ನಷ್ಟು ಡೈಲ್ಯೂಟ್ ಮಾಡಿ ಮತ್ತೆ ಓಡಿಸಿ. ಕೆಳಗಿನ ಸ್ಟ್ಯಾಂಡರ್ಡ್‌ಗಿಂತ ಕಡಿಮೆ ಬಂದದ್ದನ್ನು ಸೊನ್ನೆ ಎಂದು ಬರೆಯಬೇಡಿ, 'ಅಳತೆಯ ಮಿತಿಗಿಂತ ಕಡಿಮೆ' ಎಂದೇ ಬರೆಯಿರಿ.

ಡೈಲ್ಯೂಷನ್ ಫ್ಯಾಕ್ಟರ್‌ನಲ್ಲಿ (ಸ್ಯಾಂಪಲ್ ಎಷ್ಟು ಪಟ್ಟು ತೆಳುವಾಗಿದೆ, ಉತ್ತರವನ್ನು ಎಷ್ಟರಿಂದ ಗುಣಿಸಬೇಕು ಎನ್ನುವ ಅಂಕಿ) ಆಗುವ ತಪ್ಪನ್ನು ಯಾವ ಕರ್ವ್ ಕೂಡ ತೋರಿಸಿಕೊಡುವುದಿಲ್ಲ. 50 ಮೈಕ್ರೋಲೀಟರ್ ಸ್ಯಾಂಪಲ್‌ಗೆ 450 ಬಫರ್ ಹಾಕಿದರೆ ಫ್ಯಾಕ್ಟರ್ 10. 500 ಹಾಕಿದರೆ 11. ನೋಟ್‌ಬುಕ್‌ನಲ್ಲಿ '1:10' ಎಂದಷ್ಟೇ ಬರೆದರೆ ಯಾವುದು ಎಂದು ತಿಳಿಯದು, ಎರಡೂ ಅಳತೆ ಬರೆಯಿರಿ. ವೆಲ್‌ನೊಳಗೆ ಸ್ಯಾಂಪಲ್‌ಗೂ ಸ್ಟ್ಯಾಂಡರ್ಡ್‌ಗೂ ಒಂದೇ ಪ್ರಮಾಣದಲ್ಲಿ ಸೇರಿಸಿದ ಅಸೇ ಬಫರ್‌ಗೆ ಮತ್ತೆ ಗುಣಿಸಬಾರದು.

ಹೊಸ ಬಗೆಯ ಸ್ಯಾಂಪಲ್ ಬಂದಾಗ ಒಂದೇ ಡೈಲ್ಯೂಷನ್ ಸಾಲದು. ಉದಾಹರಣೆಗೆ ಒಂದು ಸೀರಮ್ 1:2ರಲ್ಲಿ ಗುಣಿಸಿದ ಮೇಲೆ 300, 1:4ರಲ್ಲಿ 410, 1:8ರಲ್ಲಿ 480, 1:16ರಲ್ಲಿ 490 ಕೊಟ್ಟಿತು ಎನ್ನಿ. ಸೀರಮ್‌ನಲ್ಲಿರುವ ಬೇರೇನೋ ಸಿಗ್ನಲ್ಲನ್ನು ತಗ್ಗಿಸುತ್ತಿದೆ, 1:8ರಿಂದಾಚೆಗೆ ಆ ಅಡ್ಡಿ ಹೋಗಿದೆ ಎಂದರ್ಥ. ನಾಲ್ಕರ ಸರಾಸರಿ ತೆಗೆಯುವುದು ಇಲ್ಲಿ ಶುದ್ಧ ತಪ್ಪು. 480, 490 ಮಾತ್ರ ತೆಗೆದುಕೊಳ್ಳಿ. ನಡುವೆ ತೊಳೆಯದೆ ಒಂದೇ ಹಂತದಲ್ಲಿ ಮಾಡುವ ಸ್ಯಾಂಡ್‌ವಿಚ್ ಅಸೇಯಲ್ಲಿ (ಎರಡು ಆಂಟಿಬಾಡಿಗಳ ನಡುವೆ ಹಿಡಿದು ಅಳೆಯುವ ಪರೀಕ್ಷೆ) ಆಂಟಿಜೆನ್, ಅಂದರೆ ಅಳೆಯಬೇಕಾದ ವಸ್ತು, ವಿಪರೀತವಿದ್ದರೂ ಸಿಗ್ನಲ್ ಕುಸಿಯುತ್ತದೆ, ಅದು ಹುಕ್ ಎಫೆಕ್ಟ್. ಅದನ್ನೂ ಡೈಲ್ಯೂಷನ್ ಸಾಲೇ ಹೊರಗೆಳೆಯುತ್ತದೆ.

ಇನ್ನು, ನಿನ್ನೆಯ ಪ್ಲೇಟಿನ ಕರ್ವ್‌ನಿಂದ ಇಂದಿನ ಸ್ಯಾಂಪಲ್ ಲೆಕ್ಕ ಹಾಕಬೇಡಿ. ತಾಪಮಾನ, ಇನ್‌ಕ್ಯುಬೇಷನ್ ಸಮಯ, ಬಣ್ಣ ಬರಿಸುವ ಸಬ್‌ಸ್ಟ್ರೇಟ್‌ನ ಕ್ರಿಯೆ ನಿಲ್ಲಿಸಿದ ಕ್ಷಣ ಎಲ್ಲವೂ ಓಡಿಯನ್ನು ಬದಲಿಸುತ್ತವೆ. ಪ್ರತಿ ಪ್ಲೇಟಿಗೂ ಅದರದೇ ಸ್ಟ್ಯಾಂಡರ್ಡ್, ಜೊತೆಗೆ ಬೆಲೆ ಗೊತ್ತಿರುವ ಎರಡು ಮೂರು ಕಂಟ್ರೋಲ್. ಕಂಟ್ರೋಲ್ ತನ್ನ ಮಿತಿಯಿಂದ ಹೊರಬಿದ್ದರೆ, ಕರ್ವ್ ಎಷ್ಟೇ ಚೆನ್ನಾಗಿದ್ದರೂ ಆ ಪ್ಲೇಟನ್ನು ಬಿಡಿ.