ಎರಡನೇ ಓಎಸ್ (ಆಪರೇಟಿಂಗ್ ಸಿಸ್ಟಮ್): ಮುಕ್ಕಾಲು ಕೆಲಸ ವಿಂಡೋಸ್ ಒಳಗೇ

14 ಮಾರ್ಚ್ 2025, ಶುಕ್ರವಾರ

ಇವತ್ತಿನ ಕೆಲಸ: ವಿಂಡೋಸ್ 11 ಇರುವ ಲ್ಯಾಪ್‌ಟಾಪಿನಲ್ಲಿ ಅದರ ಪಕ್ಕಕ್ಕೇ ಉಬುಂಟು ಎಂಬ ಲಿನಕ್ಸ್ ಹಾಕುವುದು. ಇನ್‌ಸ್ಟಾಲ್ ಆಗುವುದು ಬೇಗ. ಅದಕ್ಕೆ ಮೊದಲು ವಿಂಡೋಸ್ ಒಳಗೆ ಮಾಡಿಕೊಳ್ಳಬೇಕಾದ್ದೇ ಹೆಚ್ಚು.

ಮೊದಲು ಬಿಟ್‌ಲಾಕರ್, ಅಂದರೆ ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಎನ್‌ಕ್ರಿಪ್ಷನ್. ನಾವಾಗಿ ಆನ್ ಮಾಡದಿದ್ದರೂ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಆಗಿಯೇ ಇರುತ್ತದೆ. ಸೆಕ್ಯೂರ್ ಬೂಟ್ (ನಂಬಿಕೆಯ ಸಾಫ್ಟ್‌ವೇರ್ ಮಾತ್ರ ಬೂಟ್ ಆಗಲು ಬಿಡುವ) ಸೆಟ್ಟಿಂಗ್ ಮುಟ್ಟಿದರೆ 48 ಅಂಕಿಯ ರಿಕವರಿ ಕೀ ಕೇಳಬಹುದು. ಅದನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳದೆ ಮುಂದೆ ಹೋಗಲೇಬೇಡಿ.

ಆಮೇಲೆ ಫಾಸ್ಟ್ ಸ್ಟಾರ್ಟಪ್, ವಿಂಡೋಸ್ ಬೇಗ ಏಳಲು ಇರುವ ಸೌಲಭ್ಯ. ಇದು ಆನ್ ಇದ್ದರೆ ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ. ಕರ್ನಲ್ (ಓಎಸ್‌ನ ತಿರುಳು) ಸ್ಥಿತಿಯನ್ನು ಡಿಸ್ಕಿಗೆ ಬರೆದು ಮಲಗುತ್ತದೆ. ಅದರ ಲೆಕ್ಕದಲ್ಲಿ ಸಿ ಡ್ರೈವ್ ಇನ್ನೂ ತೆರೆದೇ ಇದೆ. ಹಾಗಾಗಿ ಲಿನಕ್ಸ್ ಆ ಡ್ರೈವನ್ನು ಓದುವುದಕ್ಕಷ್ಟೇ ಕೊಡುತ್ತದೆ, ಇಲ್ಲವೇ ಮೌಂಟ್ ಮಾಡಲು (ತೆರೆದು ಜೋಡಿಸಿಕೊಳ್ಳಲು) ಒಪ್ಪುವುದೇ ಇಲ್ಲ. ಬಲವಂತವಾಗಿ ಬರೆದರೆ, ಮತ್ತೆ ಎದ್ದ ವಿಂಡೋಸ್ ತನ್ನ ಹಳೆಯ ನೆನಪಿನಂತೆಯೇ ಮುಂದುವರಿದು ಫೈಲುಗಳು ಕೆಡುತ್ತವೆ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಪವರ್ ಬಟನ್ ಸೆಟ್ಟಿಂಗ್: ಅಲ್ಲಿ ಟಿಕ್ ತೆಗೆಯಿರಿ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಈ ತೊಂದರೆ ಇಲ್ಲ, ಅದು ಪೂರ್ತಿಯಾಗಿಯೇ ಮುಚ್ಚುತ್ತದೆ.

ಜಾಗ ಬಿಡಿಸುವುದು ಡಿಸ್ಕ್ ಮ್ಯಾನೇಜ್‌ಮೆಂಟಿನ ಶ್ರಿಂಕ್ ವಾಲ್ಯೂಮ್‌ನಲ್ಲಿ. ಅಲ್ಲಿನ ಲೆಕ್ಕ ಎಂಬಿಯಲ್ಲಿ: 60 ಜಿಬಿಗೆ 61440. ನೂರಾರು ಜಿಬಿ ಖಾಲಿ ಇದ್ದೂ ಸ್ವಲ್ಪವೇ ಕೊಟ್ಟರೆ, ಜರುಗಿಸಲಾಗದ ಫೈಲೊಂದು ನಡುವೆ ಕೂತಿದೆ ಎಂದರ್ಥ. ಹೈಬರ್ನೇಶನ್, ಪೇಜ್ ಫೈಲ್, ಸಿಸ್ಟಮ್ ರಿಸ್ಟೋರ್ ಮೂರನ್ನೂ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ ಮತ್ತೆ ನೋಡಿ. ಬಿಡಿಸಿದ ಜಾಗವನ್ನು ಫಾರ್ಮ್ಯಾಟ್ ಮಾಡದೆ ಹಾಗೇ ಬಿಡಿ.

ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿದ್ದರೆ ಸಾಮಾನ್ಯವಾಗಿ ಬಯಾಸ್‌ನಲ್ಲಿರುವ (ಲ್ಯಾಪ್‌ಟಾಪಿನ ಮೂಲ ಸೆಟ್ಟಿಂಗಿನಲ್ಲಿರುವ) ಇಂಟೆಲ್ ಆರ್‌ಎಸ್‌ಟಿ ಎಂಬ ಡಿಸ್ಕ್ ಮೋಡ್ ಕಾರಣ. ಅದನ್ನು ಎಎಚ್‌ಸಿಐ ಎಂಬ ಸಾಮಾನ್ಯ ಮೋಡ್‌ಗೆ ಬದಲಿಸಬೇಕು, ಆದರೆ ಅದಕ್ಕೆ ಮುಂಚೆ ವಿಂಡೋಸನ್ನು ಸೇಫ್ ಮೋಡ್‌ನಲ್ಲಿ ಏಳುವಂತೆ ಇಟ್ಟಿರಬೇಕು. ಇಲ್ಲದಿದ್ದರೆ ನೀಲಿ ಪರದೆ.

ಪಾರ್ಟಿಶನ್ (ಡಿಸ್ಕಿನ ಭಾಗಗಳನ್ನು) ನಾವೇ ಹಾಕುವಾಗ ಜೀವ ಕೈಯಲ್ಲಿ ಹಿಡಿದು ನೋಡಬೇಕಾದ್ದು ಒಂದೇ ಸಾಲು: ಸುಮಾರು 100 ಎಂಬಿಯ, ಫ್ಯಾಟ್32 ಇರುವ ಇಎಫ್‌ಐ ಪಾರ್ಟಿಶನ್. ವಿಂಡೋಸನ್ನು ಎಬ್ಬಿಸುವ ಬೂಟ್ ಲೋಡರ್ ಅಲ್ಲೇ ಇದೆ. ಅದನ್ನೇ ಬಳಸಿ, ಫಾರ್ಮ್ಯಾಟ್ ಟಿಕ್ ಮಾತ್ರ ಬೇಡ.

ಎಲ್ಲ ಆದಮೇಲೆ ಗ್ರಬ್ (ಯಾವ ಓಎಸ್ ಬೇಕೆಂದು ಕೇಳುವ ಉಬುಂಟುವಿನ ಬೂಟ್ ಲೋಡರ್) ಮೆನುವಿನಲ್ಲಿ ವಿಂಡೋಸ್ ಇಲ್ಲದಿದ್ದರೆ ಗಾಬರಿ ಬೇಡ. ಗ್ರಬ್ 2.06ರಿಂದೀಚೆಗೆ ಬೇರೆ ಓಎಸ್‌ಗಳನ್ನು ಹುಡುಕುವ ಓಎಸ್-ಪ್ರೋಬರ್ ಮೊದಲೇ ಆಫ್ ಆಗಿ ಬರುತ್ತದೆ. ಗ್ರಬ್ ಸೆಟ್ಟಿಂಗ್ ಫೈಲಿನಲ್ಲಿ ಅದನ್ನು ಆನ್ ಮಾಡಿ ಅಪ್‌ಡೇಟ್-ಗ್ರಬ್ ಓಡಿಸಿ.

ಗಡಿಯಾರ ತಪ್ಪು ತೋರಿಸುವುದೂ ಇದೆ. ಮದರ್‌ಬೋರ್ಡಿನ ಸಮಯವನ್ನು ವಿಂಡೋಸ್ ಸ್ಥಳೀಯ ಸಮಯವೆಂದೂ ಲಿನಕ್ಸ್ ಯುಟಿಸಿ (ಜಾಗತಿಕ ಸಮಯ) ಎಂದೂ ಓದುತ್ತವೆ. ಉಬುಂಟುವಿನಲ್ಲಿ ಟೈಮ್‌ಡೇಟ್‌ಸಿಟಿಎಲ್ ಕಮಾಂಡಿಗೆ ಸೆಟ್-ಲೋಕಲ್-ಆರ್‌ಟಿಸಿ 1 ಎಂದು ಕೊಟ್ಟರೆ ಎರಡೂ ಒಂದೇ ಸಮಯ ತೋರಿಸುತ್ತವೆ.