ಮೇಷ್ಟ್ರು ಹೊಲಿಸಿದ ಪುಸ್ತಕ

ಹೋದ ತಿಂಗಳು ನಮ್ಮ ಕನ್ನಡ ಮೇಷ್ಟ್ರು ತೀರಿಕೊಂಡರು. ಸಿಲಬಸ್ಸಿನಲ್ಲಿ ಅವರು ಏನು ಪಾಠ ಮಾಡಿದರೋ, ನನಗೆ ಒಂದೂ ನೆನಪಿಲ್ಲ. ಸುದ್ದಿ ಕೇಳಿದಾಗ ಕಣ್ಣ ಮುಂದೆ ಬಂದದ್ದು ಒಂದು ದಬ್ಬಣ, ಒಂದು ಬಟ್ಟಲು ಮೈದಾ ಅಂಟು, ಮತ್ತೆ ಎರಡು ಹೋಳಾದ ಕುವೆಂಪು ಕಾದಂಬರಿ ‘ಮಲೆಗಳಲ್ಲಿ ಮದುಮಗಳು’.

1986. ಶಿಡ್ಲಘಟ್ಟದಲ್ಲಿ ಮೊದಲ ಪಿಯುಸಿ. ಆಗಿನ್ನೂ ನಮ್ಮದು ಕೋಲಾರ ಜಿಲ್ಲೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಉರ್ದು, ಕನ್ನಡ ಕ್ಲಾಸಿನಲ್ಲಿ. ಅಪ್ಪ ರೇಷ್ಮೆ ನೂಲು ಬಿಚ್ಚುತ್ತಿದ್ದರು. ಮೇಷ್ಟ್ರು ನನ್ನನ್ನೂ ನನ್ನ ಗೆಳೆಯನನ್ನೂ ಕರೆದು, ಲೈಬ್ರರಿಯ ಒಂದೇ ಪ್ರತಿಯನ್ನು ಕೈಗಿಟ್ಟರು. "ಓದಿ, ಕ್ಲಾಸಿಗೆ ಕಥೆ ಹೇಳಬೇಕು." ಪರೀಕ್ಷೆಗೇನೂ ಇರಲಿಲ್ಲ.

1967ರಲ್ಲಿ ಬಂದ ಪುಸ್ತಕ, ನನಗಿಂತ ಮೂರೇ ವರ್ಷ ದೊಡ್ಡದು. ಏಳುನೂರು ಪುಟದ ಆಸುಪಾಸು. ನಾವು ಬತ್ತಿದ ಕೆರೆ ನೋಡಿ ಬೆಳೆದವರು. ಅಲ್ಲಿ ನೋಡಿದರೆ ಬರೀ ಮಳೆ, ಕಾಡು, ರಕ್ತ ಹೀರುವ ಇಂಬಳ. ಸಿಂಬಾವಿ ಯಾವುದು, ಬೆಟ್ಟಳ್ಳಿ ಯಾವುದು, ಯಾರು ಯಾರ ಮನೆಯವರು, ಎಲ್ಲ ಕಲಸುಮೇಲೋಗರ. ಹೀರೋ ಯಾರು ಅಂತ ಹುಡುಕಿದೆವು, ಸಿಗಲಿಲ್ಲ.

ಆಗ ಆ ಕೆಲಸ ಮಾಡಿದೆವು. ಬ್ಲೇಡಿನಿಂದ ಪುಸ್ತಕವನ್ನು ನಡುವೆ ಕುಯ್ದು ಹಂಚಿಕೊಂಡೆವು. ಅವನಿಗೆ ಮೊದಲ ಅರ್ಧ, ನನಗೆ ಕೊನೆಯದು.

ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ. "ಹುಲಿಯ ಯಾರು?" ಜೀತದಾಳು ಗುತ್ತಿಯ ನಾಯಿ ಅಂತ ಗೆಳೆಯ ಉತ್ಸಾಹದಿಂದ ಶುರು ಮಾಡಿದ. ನಾನು ಮಧ್ಯೆ ಬಾಯಿ ಹಾಕಿ, "ಕೊನೆಗೆ ತುಂಗೆಯ ಪ್ರವಾಹದಲ್ಲಿ ಕೊಚ್ಚಿಕೊಂಡು ಹೋಗುತ್ತೆ ಸಾರ್" ಅಂದೆ. ಅವನು ನನ್ನ ಕಡೆ ತಿರುಗಿ, "ಸತ್ತೋಯ್ತಾ?" ಅಂದ. ಕಣ್ಣಲ್ಲಿ ನೀರು.

ಮೇಷ್ಟ್ರಿಗೆ ಎಲ್ಲ ಅರ್ಥವಾಯಿತು. ಹೊಡೆಯಲಿಲ್ಲ. ನಮ್ಮ ಮನೆಯಿಂದ ರೇಷ್ಮೆ ದಾರ ತರಿಸಿದರು, ಪಕ್ಕದಲ್ಲೇ ಕೂತು ಹೊಲಿಸಿದರು. "ಇನ್ನು ಮೊದಲನೇ ಪುಟದಿಂದ ಓದು. ನೋಟ್‌ಬುಕ್ಕಿನ ಹಿಂದೆ ಯಾರ ಮನೆ ಎಲ್ಲಿ ಅಂತ ಬರ್ಕೋ" ಅಂದರು.

ಎರಡು ತಿಂಗಳು ಹಿಡಿಯಿತು. ಮೊದಲ ನೂರು ಪುಟ ದಾರಿ ಕಲಿಯುವುದಕ್ಕೇ ಹೋಯಿತು. ಅಪ್ಪ ಬಿಸಿನೀರಿನಲ್ಲಿ ರೇಷ್ಮೆಗೂಡಿನ ಎಳೆಯ ತುದಿ ಹುಡುಕುವ ಹಾಗೆ. ತುದಿ ಸಿಕ್ಕಿತು ನೋಡಿ, ಆಮೇಲೆ ನಿಲ್ಲಿಸಲಾಗಲಿಲ್ಲ. ಹುಲಿಯನ ಜೊತೆ ಅಷ್ಟು ದೂರ ನಡೆದು ಆ ನದಿಯ ಹತ್ತಿರ ಬಂದಾಗ, ಹಿಂದೆ ಸಲೀಸಾಗಿ ಓದಿದ್ದ ಅದೇ ಪುಟವನ್ನು ಓದಲಾಗದೆ ಅತ್ತೆ.

ಈಗ ಐದು ಸಲ ಓದಿದ್ದೇನೆ. ಬ್ಯಾಂಕಿನಲ್ಲಿ ಎಷ್ಟೇ ದಪ್ಪದ ಕಡತವಿದ್ದರೂ ಪೂರ್ತಿ ಓದುವವನು ಅಂತ ನನಗೆ ಹೆಸರಿತ್ತು. ಅದು ಮೇಷ್ಟ್ರು ಕೊಟ್ಟದ್ದು. ನನ್ನ ಮೊಮ್ಮಗಳಿಗೆ ಶಾಲೆಯಲ್ಲಿ ಕಾದಂಬರಿಯ ಎರಡು ಪುಟದ ಸಾರಾಂಶ ಕೊಡುತ್ತಾರೆ. ಪಾಪ, ಅವಳಿಗೆ ಸಿಗುವುದು ನಾನು ಕುಯ್ದ ಅರ್ಧಕ್ಕಿಂತಲೂ ಕಡಿಮೆ, ಅಲ್ವಾ?

ಮೇಷ್ಟ್ರ ತಿಥಿಯ ದಿನ ಗೆಳೆಯ ಸಿಕ್ಕಿದ. ಎರಡನೇ ಅರ್ಧ ಓದಿದೆಯೇನೋ ಅಂತ ಕೇಳಿದೆ.

"ಇಲ್ಲ ಕಣೋ. ಹುಲಿಯ ಸಾಯೋದನ್ನ ನಾನು ಓದಲ್ಲ. ಮೇಷ್ಟ್ರಿಗೂ ಆಗಲೇ ಹೇಳಿದ್ದೆ."

"ಏನಂದ್ರು?"

"ಏನೂ ಅನ್ನಲಿಲ್ಲ. ಬೆನ್ನು ತಟ್ಟಿದ್ರು."