ದ್ರಾಕ್ಷಿ ತೋಟಗಳ ನಡುವೆ ಮೂವತ್ತು ಡಿಶ್‌ಗಳು

ಪುಣೆ ಬಿಟ್ಟು ನಾಶಿಕ್ ರಸ್ತೆ ಹಿಡಿದರೆ ಚಾಕಣ್ ದಾಟುವವರೆಗೂ ಬರೀ ಕಾರ್ಖಾನೆ, ಲಾರಿ, ಧೂಳು. ರಾಜಗುರುನಗರದಲ್ಲಿ ಭೀಮೆ ಸಿಗುತ್ತಾಳೆ. ನಮ್ಮ ಕಲಬುರಗಿ ಸೀಮೆಗೆ ಬರುವಷ್ಟರಲ್ಲಿ ಅಷ್ಟಗಲ ಹರಡಿಕೊಳ್ಳುವ ಹೊಳೆ ಇಲ್ಲಿ ಇನ್ನೂ ಚಿಕ್ಕದು. ಘಾಟು ಹತ್ತಿಳಿದು ಮಂಚರ್ ಆಚೆಗೆ ಹೋದಮೇಲೆ ನೆಲದ ಬಣ್ಣವೇ ಬೇರೆ: ಈರುಳ್ಳಿ, ಕಬ್ಬು, ಟೊಮೆಟೊ, ಚಪ್ಪರಕ್ಕೆ ಹಬ್ಬಿದ ದ್ರಾಕ್ಷಿ. ಇದು ಜುನ್ನರ್ ತಾಲೂಕು. ಹತ್ತಿರದ ಶಿವನೇರಿ ಕೋಟೆ ಶಿವಾಜಿ ಹುಟ್ಟಿದ ಜಾಗ. ಕಬ್ಬಿನ ಗದ್ದೆಗಳಲ್ಲಿ ಚಿರತೆಗಳು ಸಂಸಾರ ಹೂಡಿರುವುದಕ್ಕೂ ಈ ತಾಲೂಕು ಹೆಸರಾಗಿದೆ.

ನಾನು ಧಾರವಾಡದಿಂದ ರಾತ್ರಿ ಬಸ್ಸಿಗೆ ಹೊರಟು, ಪುಣೆಯಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿರುವ ಅಣ್ಣನ ಮಗಳನ್ನು ಜೊತೆಗೆ ಕರೆದುಕೊಂಡು, ಫೆಬ್ರವರಿ 28ರ ಬೆಳಿಗ್ಗೆ ನಾರಾಯಣಗಾಂವದಲ್ಲಿ ಇಳಿದೆ. ಅಲ್ಲಿಂದ ಪೂರ್ವಕ್ಕೆ ಸ್ವಲ್ಪ ದೂರ ಹೋದರೆ ಖೊಡದ್. ರಾಷ್ಟ್ರೀಯ ವಿಜ್ಞಾನ ದಿನದ ನೆಪದಲ್ಲಿ ಅಲ್ಲಿನ ರೇಡಿಯೋ ದೂರದರ್ಶಕವನ್ನು ಜನರಿಗೆ ತೆರೆದಿಡುತ್ತಾರೆ. ಅದರ ಪೂರ್ಣ ಹೆಸರು ಜೈಂಟ್ ಮೀಟರ್‌ವೇವ್ ರೇಡಿಯೋ ಟೆಲಿಸ್ಕೋಪ್, ಬಾಯಿಮಾತಿನಲ್ಲಿ ಜಿಎಂಆರ್‌ಟಿ. ಸುತ್ತಲಿನ ಹಳ್ಳಿಗಳ ಶಾಲೆ ಮಕ್ಕಳು ಟೆಂಪೋ ತುಂಬಿಕೊಂಡು ಬರುತ್ತಿದ್ದರು. ಮೊಬೈಲು ಬಂದ್ ಮಾಡಿಯೇ ಒಳಗೆ ಹೋಗಬೇಕು. ಅದು ಬರೀ ಶಿಸ್ತಿಗಾಗಿ ಮಾಡಿದ ನಿಯಮವಲ್ಲ. ಆಕಾಶದಿಂದ ಬರುವ ರೇಡಿಯೋ ಅಲೆಗಳು ಎಷ್ಟು ಕ್ಷೀಣ ಎಂದರೆ, ಜೇಬಿನಲ್ಲಿರುವ ಒಂದು ಫೋನು ಅವುಗಳೆದುರು ಭಾರೀ ಗದ್ದಲ.

ಡಿಶ್‌ನ ಬುಡಕ್ಕೆ ಹೋಗಿ ತಲೆಯೆತ್ತಿದಾಗ ಅಣ್ಣನ ಮಗಳು ಅಂದಳು: "ಅತ್ತಿ, ಇದು ಪೂರಾ ಜಾಳಿಗಿ ಐತಿ! ಆಚೀ ಕಡೆ ಆಕಾಶನ ಕಾಣಾಕತ್ತೈತಿ."

ಹೌದು, ಇದರ ಹೆಚ್ಚುಗಾರಿಕೆ ಇರುವುದೇ ಆ ಜಾಲರಿಯಲ್ಲಿ. ಒಂದೊಂದು ಡಿಶ್ 45 ಮೀಟರ್ ಅಗಲ. ಅಷ್ಟು ದೊಡ್ಡದನ್ನು ಲೋಹದ ತಗಡಿನಿಂದ ಮಾಡಿದ್ದರೆ ಅದರ ತೂಕ, ಅದಕ್ಕೆ ಬಡಿಯುವ ಗಾಳಿಯ ಹೊಡೆತ, ತಗಲುವ ಖರ್ಚು ಯಾವುದನ್ನೂ ತಾಳಿಕೊಳ್ಳಲು ಆಗುತ್ತಿರಲಿಲ್ಲ. ಇದನ್ನು ಕಟ್ಟಿದ ಖಗೋಳ ವಿಜ್ಞಾನಿ ಗೋವಿಂದ ಸ್ವರೂಪ್ ಮತ್ತು ಅವರ ಸಂಗಡಿಗರು ಬೇರೆ ದಾರಿ ಹುಡುಕಿದರು. ಉಕ್ಕಿನ ಹಗ್ಗಗಳನ್ನು ಬಿಗಿದು, ಅವಕ್ಕೆ ಬರೀ ಅರ್ಧ ಮಿಲಿಮೀಟರಿನಷ್ಟು ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಜಾಲರಿಯನ್ನು ಎಳೆದು ಕಟ್ಟಿ, ಬಟ್ಟಲಿನ ಆಕಾರಕ್ಕೆ ತಂದರು. ಜಾಲರಿಯ ಕಣ್ಣುಗಳು ನಡುವೆ 10 ಮಿ.ಮೀ., ಅಂಚಿನತ್ತ 15, ಕೊನೆಗೆ 20 ಮಿ.ಮೀ. ಇಲ್ಲಿ ಹಿಡಿಯುವ ಅಲೆಗಳ ಉದ್ದ ಸುಮಾರು 20 ಸೆಂಟಿಮೀಟರಿನಿಂದ ಎರಡು ಮೀಟರ್ ದಾಟುವವರೆಗೆ. ಅಂಥ ಅಲೆಗೆ ಈ ತೂತುಗಳು ಲೆಕ್ಕಕ್ಕೇ ಇಲ್ಲ, ಅದರ ಪಾಲಿಗೆ ಇದು ಪೂರ್ತಿ ಕನ್ನಡಿ. ಗಾಳಿ ಮಾತ್ರ ಸಲೀಸಾಗಿ ತೂರಿ ಹೋಗುತ್ತದೆ. ಇದೇ ಸ್ವರೂಪ್ 1970ರಲ್ಲಿ ಊಟಿಯ ಇಳಿಜಾರಿನ ಮೇಲೆ 530 ಮೀಟರ್ ಉದ್ದದ ದೂರದರ್ಶಕ ಕಟ್ಟಿದವರು. ಗುಡ್ಡದ ಓರೆ ಆ ಊರಿನ ಅಕ್ಷಾಂಶಕ್ಕೆ ಹೊಂದುವಂಥ ಜಾಗ ಹುಡುಕಿ, ದೂರದರ್ಶಕದ ಅಕ್ಷವು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗುವಂತೆ ನೋಡಿಕೊಂಡಿದ್ದರು. ಕೈಯಲ್ಲಿ ಹಣ ಕಡಿಮೆ ಇದ್ದಾಗ ಬುದ್ಧಿ ಎಷ್ಟು ದೂರ ಓಡಬಲ್ಲದು ಎಂಬುದನ್ನು ಈ ತಂತಿಗಳಷ್ಟು ಚೆನ್ನಾಗಿ ತೋರಿಸುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವರು 2020ರಲ್ಲಿ ತೀರಿಕೊಂಡರು.

ಇಂಥ ಡಿಶ್ ಒಟ್ಟು 30. ಹದಿನಾಲ್ಕು ನಡುವಿನ ಬಯಲಲ್ಲಿ ಒತ್ತೊತ್ತಾಗಿ ನಿಂತಿವೆ. ಉಳಿದ ಹದಿನಾರು ಮೂರು ದಿಕ್ಕಿಗೆ ಚಾಚಿದ ತೋಳುಗಳಂತೆ ಹಳ್ಳಿಹಳ್ಳಿಗಳ ಹೊಲಗಳ ಪಕ್ಕದಲ್ಲಿ ಹಂಚಿಹೋಗಿವೆ. ತುದಿಯಿಂದ ತುದಿಗೆ ಸುಮಾರು 25 ಕಿ.ಮೀ. ಎಲ್ಲವೂ ಹಿಡಿದದ್ದನ್ನು ನೆಲದಡಿಯ ಫೈಬರ್ ಕೇಬಲ್ಲು ನಡುವಿನ ಕಟ್ಟಡಕ್ಕೆ ತರುತ್ತದೆ. ಅಲ್ಲಿ ಕಂಪ್ಯೂಟರುಗಳು ಎರಡೆರಡನ್ನು ಜೋಡಿಸಿ ತಾಳೆ ನೋಡಿದಾಗ, ವಿವರ ಗುರುತಿಸುವುದರಲ್ಲಿ ಇದು 25 ಕಿ.ಮೀ. ಅಗಲದ ಒಂದೇ ಡಿಶ್‌ಗೆ ಸಮ. ಸುಮಾರು 21 ಸೆಂ.ಮೀ. ಅಲೆ ಹಿಡಿಯುವ ಗ್ರಾಹಕಗಳನ್ನು ಮೊದಲು ಕಟ್ಟಿಕೊಟ್ಟದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ.

ಆ 21 ಸೆಂ.ಮೀ. ಜಲಜನಕದ ಪರಮಾಣು ಹೊರಸೂಸುವ ಅಲೆಯ ಉದ್ದ, ಅದರ ಸ್ವಂತ ಗುರುತು. 2020ರಲ್ಲಿ ಪುಣೆ ಮತ್ತು ರಾಮನ್ ಸಂಸ್ಥೆಯ ಸಂಶೋಧಕರು ಸೇರಿ 7,653 ಗೆಲಾಕ್ಸಿಗಳ ಸಂಕೇತಗಳನ್ನು ಒಂದರ ಮೇಲೊಂದು ಪೇರಿಸಿ, ಎಂಟು ನೂರು ಕೋಟಿ ವರ್ಷಗಳ ಹಿಂದಿನ ಗೆಲಾಕ್ಸಿಗಳಲ್ಲಿ ಸರಾಸರಿ ಎಷ್ಟು ಜಲಜನಕ ಇತ್ತು ಎಂದು ಅಳೆದರು. ಒಂದೊಂದಾಗಿ ನೋಡಿದರೆ ಏನೂ ಕಾಣದಷ್ಟು ಕ್ಷೀಣ. ತೇಲಿದ ಉತ್ತರ ಇದು: ಆಗಿನ ಗೆಲಾಕ್ಸಿಗಳು ನಕ್ಷತ್ರ ಹುಟ್ಟಿಸುತ್ತಿದ್ದ ವೇಗಕ್ಕೆ ಅವುಗಳ ಜಲಜನಕ ನೂರಿನ್ನೂರು ಕೋಟಿ ವರ್ಷದೊಳಗೆ ಮುಗಿದುಹೋಗಬೇಕಿತ್ತು. ಇವತ್ತಿನ ಬ್ರಹ್ಮಾಂಡದಲ್ಲಿ ನಕ್ಷತ್ರಗಳ ಹುಟ್ಟು ಅಷ್ಟು ಇಳಿದಿರುವುದಕ್ಕೆ ಅದೇ ಕಾರಣ ಇರಬಹುದು.

ಆದರೆ ನಾನು ಅಷ್ಟು ದೂರ ಹೋದದ್ದು ಪಲ್ಸಾರ್‌ಗಳ ಮಾತು ಕೇಳಲು. ಪ್ರದರ್ಶನದ ಒಂದು ಮೂಲೆಯಲ್ಲಿ ಭಿತ್ತಿಚಿತ್ರದ ಮುಂದೆ ನಿಂತಿದ್ದ ಯುವ ಸಂಶೋಧಕಿಯೊಬ್ಬರು, ಮಕ್ಕಳ ಗುಂಪು ಕರಗಿದ ಮೇಲೆ, ನಮ್ಮಿಬ್ಬರಿಗಾಗಿಯೇ ಬಹಳ ಹೊತ್ತು ವಿವರಿಸಿದರು.

ಪಲ್ಸಾರ್ ಎಂದರೆ ಸತ್ತ ದೊಡ್ಡ ನಕ್ಷತ್ರದ ತಿರುಳು. ಸೂರ್ಯನಿಗಿಂತ ಹೆಚ್ಚು ತೂಕ, ಅಗಲ ಬರೀ ಇಪ್ಪತ್ತು ಕಿ.ಮೀ. ಸುಮಾರು. ಜೆ1909-3744 ಎಂಬ ಒಂದು ಪಲ್ಸಾರ್ ಸೆಕೆಂಡಿಗೆ 339 ಸುತ್ತು ತಿರುಗುತ್ತದೆ. ಪ್ರತಿ ಸುತ್ತಿಗೂ ಅದರ ರೇಡಿಯೋ ಕಿರಣ ನಮ್ಮ ಕಡೆ ಹಾಯುತ್ತದೆ. ವರ್ಷಗಟ್ಟಲೆ ಕಾದರೂ ಈ ಬಡಿತ ಎಷ್ಟು ಕರಾರುವಾಕ್ಕು ಎಂದರೆ, ನಡುವೆ ಏನಾದರೂ ಹಾದುಹೋಗಿ ಬಡಿತ ನೂರಿನ್ನೂರು ನ್ಯಾನೋಸೆಕೆಂಡ್ (ಒಂದು ನ್ಯಾನೋಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು) ಹಿಂದುಮುಂದಾದರೂ ಹಿಡಿಯಬಹುದು. ಹಾಗೆ ಹಾದುಹೋಗುವುದು ಗುರುತ್ವ ಅಲೆ, ಅಂದರೆ ಭಾರೀ ತೂಕದ ಕಾಯಗಳು ಸುತ್ತುವಾಗ ದೇಶ-ಕಾಲದಲ್ಲೇ ಏಳುವ ನವಿರಾದ ಕಂಪನ. 2015ರಲ್ಲಿ ಅಮೆರಿಕದ ಲೈಗೋ ವೀಕ್ಷಣಾಲಯ ಹಿಡಿದ ಅಲೆ ಸೆಕೆಂಡಿನೊಳಗೆ ಮುಗಿದಿತ್ತು. ಇವರು ಹುಡುಕುವ ಅಲೆಗಳಲ್ಲಿ ಒಂದು ಅಲೆ ಪೂರ್ತಿ ದಾಟಲು ವರ್ಷಗಳೇ ಬೇಕು. ಕೋಟಿಗಟ್ಟಲೆ ಸೂರ್ಯರ ತೂಕದ ಎರಡು ಕಪ್ಪುಕುಳಿಗಳು ಒಂದನ್ನೊಂದು ಸುತ್ತುವಾಗ ಇಂಥವು ಏಳುತ್ತವೆ, ಮತ್ತು ಅಂಥ ಜೋಡಿಗಳು ಬ್ರಹ್ಮಾಂಡದ ತುಂಬ ಇವೆ ಎಂಬುದು ಊಹೆ.

"ಹಂಗಾರ ತಡ ಆದದ್ದು ಗುರುತ್ವ ಅಲೆಯಿಂದನ ಅಂತ ಹೆಂಗ್ ಹೇಳೋದು? ದಾರಿಯೊಳಗ ಬ್ಯಾರೆ ಏನೂ ಇರಂಗಿಲ್ಲೇನು?" ಅಣ್ಣನ ಮಗಳ ಪ್ರಶ್ನೆಯನ್ನು ನಾನು ಮರಾಠಿಗೆ ತಂದು ಹೇಳಿದೆ. ಸಂಶೋಧಕಿಯ ಮುಖ ಅರಳಿತು. ಜಿಎಂಆರ್‌ಟಿಯ ಪಾತ್ರ ಇರುವುದೇ ಅಲ್ಲಿ.

ನಕ್ಷತ್ರಗಳ ನಡುವಿನ ಜಾಗ ಪೂರ್ತಿ ಖಾಲಿಯಲ್ಲ. ಅಲ್ಲಲ್ಲಿ ತಿರುಗಾಡುವ ಎಲೆಕ್ಟ್ರಾನುಗಳು ರೇಡಿಯೋ ಅಲೆಯನ್ನು ತಡೆತಡೆದು ಬಿಡುತ್ತವೆ, ಕಡಿಮೆ ಆವರ್ತನದ ಅಲೆಯನ್ನು ಇನ್ನೂ ಹೆಚ್ಚು. ಆಳಂದಿಯಿಂದ ಪಂಢರಪುರಕ್ಕೆ ಒಟ್ಟಿಗೆ ಹೊರಟ ದಿಂಡಿಯಲ್ಲಿ ಹುಡುಗರು ಮುಂದಾಗಿ, ಮುದುಕರು ಹಿಂದಾಗಿ ತಲುಪಿದರೆ, ಆ ಅಂತರ ನೋಡಿಯೇ ದಾರಿ ಎಷ್ಟು ಬಿಗಿಯಾಗಿತ್ತು ಎಂದು ಹೇಳಬಹುದಲ್ಲ, ಹಾಗೆ. ಜೆ1909-3744ರ ಒಂದೇ ಬಡಿತದ 400 ಮೆಗಾಹರ್ಟ್ಸ್ ಭಾಗ, 1400 ಮೆಗಾಹರ್ಟ್ಸ್ ಭಾಗಕ್ಕಿಂತ ಸುಮಾರು ಕಾಲು ಸೆಕೆಂಡ್ ತಡವಾಗಿ ಬರುತ್ತದೆ. ಅಷ್ಟರಲ್ಲಿ ಆ ನಕ್ಷತ್ರ ಎಂಬತ್ತಕ್ಕೂ ಹೆಚ್ಚು ಸುತ್ತು ಮುಗಿಸಿರುತ್ತದೆ! ಈ ತಡವೂ ಸ್ಥಿರವಲ್ಲ, ದಾರಿಯ ಎಲೆಕ್ಟ್ರಾನುಗಳು ಅಲುಗಾಡಿದಂತೆ ತುಸುತುಸು ಬದಲಾಗುತ್ತದೆ. ಅದನ್ನು ಕಳೆಯದೆ ನ್ಯಾನೋಸೆಕೆಂಡಿನ ಲೆಕ್ಕ ಹಿಡಿಯಲಾಗದು. ಹೆಚ್ಚಿನ ದೇಶಗಳ ತಂಡಗಳು ಮೇಲಿನ ಆವರ್ತನಗಳನ್ನೇ ನೆಚ್ಚಿಕೊಂಡಿದ್ದಾಗ, ಭಾರತ ಮತ್ತು ಜಪಾನಿನವರು ಸೇರಿದ ಇಂಡಿಯನ್ ಪಲ್ಸಾರ್ ಟೈಮಿಂಗ್ ಅರೇ ತಂಡ ಇಲ್ಲಿನ ಡಿಶ್‌ಗಳನ್ನು ಗುಂಪುಗಳಾಗಿ ಹಂಚಿ, ಒಂದೇ ಹೊತ್ತಿಗೆ ಕೆಳಗಿನ ಆವರ್ತನವನ್ನೂ ಮೇಲಿನದನ್ನೂ ಹಿಡಿಯಿತು. ತಡವಾಗಿ ಬರುವ, ಕೆದರಿದ ಆ ಕೆಳದನಿಯ ಅಲೆಗಳೇ ದಾರಿಯ ಲೆಕ್ಕ ಒಪ್ಪಿಸಿದವು.

2023ರ ಜೂನ್ 29ರಂದು ಅಮೆರಿಕ, ಆಸ್ಟ್ರೇಲಿಯಾ, ಚೀನಾದ ತಂಡಗಳ ಜೊತೆಗೆ, ಯುರೋಪಿನವರೊಡನೆ ಕೈಜೋಡಿಸಿದ ಈ ತಂಡವೂ ತನ್ನ ಫಲಿತಾಂಶ ಪ್ರಕಟಿಸಿತು. ಯುರೋಪ್-ಭಾರತದ ಲೆಕ್ಕದಲ್ಲಿ 25 ಪಲ್ಸಾರ್‌ಗಳು, ಸುಮಾರು 25 ವರ್ಷಗಳ ದಾಖಲೆ. ಗುರುತ್ವ ಅಲೆ ಹೌದಾದರೆ ಬೇರೆ ಬೇರೆ ಪಲ್ಸಾರ್‌ಗಳ ಏರುಪೇರು ಒಂದಕ್ಕೊಂದು ಸಂಬಂಧವಿಲ್ಲದಂತೆ ಇರಬಾರದು. ಆಕಾಶದಲ್ಲಿ ಎರಡು ಪಲ್ಸಾರ್‌ಗಳ ನಡುವಿನ ಕೋನಕ್ಕೆ ತಕ್ಕಂತೆ ಅವುಗಳ ಏರುಪೇರು ಹೊಂದಿಕೆಯಾಗಬೇಕು. ಹೆಲಿಂಗ್ಸ್ ಮತ್ತು ಡೌನ್ಸ್ ಎಂಬಿಬ್ಬರು 1983ರಲ್ಲೇ ಆ ಹೊಂದಿಕೆಯ ಗೆರೆ ಬರೆದಿಟ್ಟಿದ್ದರು. ಅಂಕಿಗಳು ಆ ಗೆರೆಯತ್ತಲೇ ವಾಲಿದ್ದವು. ಹಾಗಿದ್ದೂ ಅವರು ಬಳಸಿದ್ದು 'ಪುರಾವೆ' ಎಂಬ ಮಾತು, 'ಪತ್ತೆ' ಎಂದು ಯಾರೂ ಹೇಳಲಿಲ್ಲ. ಇದು ಬರೀ ಆಕಸ್ಮಿಕವಲ್ಲ ಎನ್ನಲು ಭೌತವಿಜ್ಞಾನಿಗಳು ಒಪ್ಪುವ ಅಳತೆಯಾದ 5 ಸಿಗ್ಮಾ ಖಾತ್ರಿ ಆಗ ಸಿಕ್ಕಿರಲಿಲ್ಲ. ಈ ಸಂಯಮಕ್ಕೆ ನಾನು ಮನಸಾರೆ ತಲೆಬಾಗುತ್ತೇನೆ.

ಈ ಪಲ್ಸಾರ್ ಗಡಿಯಾರಗಳೂ ಒಮ್ಮೊಮ್ಮೆ ಕೈಕೊಡುತ್ತವೆ. ಅತಿ ನಂಬಿಗಸ್ತ ಎನಿಸಿಕೊಂಡಿದ್ದ ಜೆ1713+0747ರ ಬಡಿತದ ಆಕಾರ 2021ರ ಏಪ್ರಿಲ್‌ನಲ್ಲಿ ಇದ್ದಕ್ಕಿದ್ದಂತೆ ಬದಲಾಯಿತು. ಅದನ್ನು ಗುರುತಿಸಿದವುಗಳಲ್ಲಿ ಈ ಖೊಡದ್‌ನ ಡಿಶ್‌ಗಳೂ ಇದ್ದವು.

ನಾವು ಹೊರಬರುವ ಹೊತ್ತಿಗೆ ಮಧ್ಯಾಹ್ನದ ಬಿಸಿಲು ಜೋರಾಗಿತ್ತು. ಅಣ್ಣನ ಮಗಳು ಸಂಶೋಧಕಿಯನ್ನು ಬಿಟ್ಟು ಬರಲು ಒಪ್ಪದೆ ಇನ್ನೊಂದು ಕೇಳಿದಳು: ಭೌತವಿಜ್ಞಾನ ಓದದೆ ಎಲೆಕ್ಟ್ರಾನಿಕ್ಸ್ ಓದಿದವರಿಗೆ ಇಲ್ಲಿ ಏನು ಕೆಲಸ? ಗ್ರಾಹಕ, ಫೈಬರ್, ಸಾಫ್ಟ್‌ವೇರ್ ಎಲ್ಲವನ್ನೂ ಕಟ್ಟುವವರು ನಿಮ್ಮಂಥವರೇ ಎಂದು ಅವರು ಡಿಶ್‌ನ ನಾಭಿಯಲ್ಲಿ ಕೂತ ಪೆಟ್ಟಿಗೆಗಳನ್ನು ತೋರಿಸಿದರು. ಆಸ್ಟ್ರೇಲಿಯಾ ಮತ್ತು ದಕ್ಷಿಣ ಆಫ್ರಿಕಾದಲ್ಲಿ ಏಳುತ್ತಿರುವ ಸ್ಕ್ವೇರ್ ಕಿಲೋಮೀಟರ್ ಅರೇ ಎಂಬ ದೊಡ್ಡ ರೇಡಿಯೋ ದೂರದರ್ಶಕಕ್ಕೆ ಭಾರತ 1,250 ಕೋಟಿ ರೂಪಾಯಿ ಒಪ್ಪಿದೆ. ಅದರ ನಿಯಂತ್ರಣದ ಸಾಫ್ಟ್‌ವೇರ್ ಕೆಲಸದಲ್ಲಿ ಪುಣೆಯವರು ಮುಂದಾಳುಗಳು. ಬಸ್ಸಿನಲ್ಲಿ ಪುಣೆ ಬರುವತನಕ ಅವಳು ಮಾತಾಡಿದ್ದು ಅದನ್ನೇ: ಮುಂದಿನ ರಜೆಗೆ ಅಲ್ಲಿ ಇಂಟರ್ನ್‌ಶಿಪ್ಪಿಗೆ ಅರ್ಜಿ ಹಾಕುವುದು ಹೇಗೆ, ಅಪ್ಪನಿಗೆ ಹೇಳುವುದು ಯಾರು.

"ನಾ ಹೇಳ್ತೀನಿ ಬಿಡು," ಅಂದೆ.